ತುಕ್ಕಿನ ಬೆಲೆ

ಹಳೇ ಲಾರಿ ಕಂಡಲ್ಲಿ ಇಳಿದು ಫೋಟೋ ಹೊಡೆಯುವುದು ನನಗೆ ಹತ್ತಿದ ಹುಚ್ಚು. "ಯಾವನಾದರೂ ಗುಜರಿಯವನೇ ನಿನ್ನನ್ನು ಅಳಿಯ ಮಾಡಿಕೊಂಡಾನು ಬಿಡು" ಎಂದು ಗೆಳೆಯರು ನಗುತ್ತಾರೆ. ನಗಲಿ. ಭಾನುವಾರ ಬಂತೆಂದರೆ ಅವರದೇ ಬೈಕಿನ ಹಿಂದೆ ಕೂತು ಹೊರಡುತ್ತೇನೆ. ಡೊಂಬಿವಿಲಿಯಿಂದ ಶಿಲ್‌ಫಾಟಾ ದಾಟಿ ತಳೋಜಾ, ಕಳಂಬೋಲಿ. ಇಲ್ಲವೇ ಕಲ್ಯಾಣದಿಂದ ಮುರ್ಬಾಡ್ ದಾರಿ.

ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯ ಸುತ್ತ ಲಾರಿಗಳ ಜಾತ್ರೆಯೇ ನೆರೆದಿರುತ್ತದೆ. ಆಚೆ ಮೂಲೆಯಲ್ಲಿ ಗಾಲಿ ಕಳೆದುಕೊಂಡು ಇಟ್ಟಿಗೆಯ ಮೇಲೆ ಕೂತ ಮುದಿ ಲಾರಿಗಳು. ಮುರ್ಬಾಡ್ ಕಡೆ ಗದ್ದೆಯ ಬದುವಿನಲ್ಲಿ ಕಬ್ಬಿಣದ ನೇಗಿಲು, ನೀರೆತ್ತುವ ಡೀಸೆಲ್ ಎಂಜಿನ್. ಕಬ್ಬಿಣಕ್ಕೆ ನೀರು, ಗಾಳಿ ಎರಡೂ ಕೂಡಿದರೆ ತುಕ್ಕು; ಖಾಡಿಯ ಉಪ್ಪೂ ಸೇರಿದರೆ ಕೇಳುವುದೇ ಬೇಡ.

ನೇಗಿಲು ಕಂಡಾಗ ಲಕ್ಷ್ಮಣರಾವ್ ಕಿರ್ಲೋಸ್ಕರ್ ನೆನಪಾಗುತ್ತಾರೆ. 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಮುಂಬಯಿಯಲ್ಲಿ ಮೇಷ್ಟರಾಗಿದ್ದು, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ಭೂಮಿಗೆ ವಿಷ ಎಂದು ರೈತರು ಮೊದಮೊದಲು ಹತ್ತಿರ ಸೇರಿಸಲಿಲ್ಲವಂತೆ. 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಹಟ ಹಿಡಿದು ಮಾರಿದ ನೇಗಿಲು ಈಗ ಟ್ರಾಕ್ಟರಿಗೆ ದಾರಿ ಬಿಟ್ಟು ಬದುವಿನಲ್ಲಿ ಮಲಗಿದೆ.

ಓದುವುದು ಕಾಮರ್ಸ್ ಆದ್ದರಿಂದ ಲೆಕ್ಕವೂ ತಲೆಗೆ ಬರುತ್ತದೆ. ಆದಾಯ ತೆರಿಗೆಯಲ್ಲಿ ಬಾಡಿಗೆಗೆ ಓಡುವ ಲಾರಿಗೆ ವರ್ಷಕ್ಕೆ ಶೇಕಡಾ 30 ಸವಕಳಿ. 10 ಲಕ್ಷದ ಲಾರಿ ಮೊದಲ ವರ್ಷದ ಕೊನೆಗೆ 7 ಲಕ್ಷ, ಎರಡನೆಯ ವರ್ಷಕ್ಕೆ 4.90 ಲಕ್ಷ, ಹತ್ತನೆಯದಕ್ಕೆ ಸುಮಾರು 28,000 ರೂಪಾಯಿ. ಉಳಿದದ್ದರ ಮೇಲೆಯೇ ಕಳೆಯುತ್ತ ಹೋಗುವುದರಿಂದ ಅದು ಎಂದೂ ಸೊನ್ನೆ ಮುಟ್ಟುವುದಿಲ್ಲ. ಪರೀಕ್ಷೆಗೆಂದು ಇದನ್ನು ಬಾಯಿಪಾಠ ಮಾಡಿದ್ದೆ. ಮನಸ್ಸಿಗೆ ಹತ್ತಿದ್ದು ಕಳಂಬೋಲಿಯಲ್ಲಿ.

ಅಲ್ಲೊಂದು ಲಾರಿಯ ಹಿಂಬದಿಗೆ ಮಾಸಿದ ಕನ್ನಡ ಅಕ್ಷರ: ತಾಯಿಯ ಆಶೀರ್ವಾದ. ಖುಷಿಯಿಂದ ಗಟ್ಟಿಯಾಗಿ ಓದಿದೆ. ನೆರಳಲ್ಲಿ ಕೂತಿದ್ದ ಮುದುಕರೊಬ್ಬರು ಎದ್ದು ಬಂದರು.

"ಯಾಕ ತಮ್ಮಾ, ಈ ಹೆಣದ ಫೋಟೋ ಯಾಕ ಹೊಡೀತಿ?"

"ಚಂದ ಕಾಣ್ತದ ಅಜ್ಜಾರ."

"ಚಂದ!" ಅಜ್ಜ ನಕ್ಕರು. "ಇದರ ದುಡಿಮ್ಯಾಗ ಇಬ್ಬರು ಹೆಣ್ಮಕ್ಕಳ ಲಗ್ನಾ ಮಾಡೀನಿ. ವಿಜಾಪುರದಾಗ ಮನಿ ಕಟ್ಟೀನಿ. ಬರೂ ವಾರ ಒಡೀಲಿಕ್ಕೆ ಒಯ್ತಾರ. ಹೊಡಿ, ಆದ್ರ ನಂಬರ್ ಬರೂ ಹಂಗ ಹೊಡಿ."

ಎಂದವರೇ ಅಂಗಿಯ ಗುಂಡಿ ಹಾಕಿಕೊಂಡು, ಮಡ್‌ಗಾರ್ಡಿನ ಮೇಲೆ ಕೈಯಿಟ್ಟು, ಮನೆಯ ಹಿರೀ ಮಗನ ಪಕ್ಕದಲ್ಲಿ ನಿಂತ ಹಾಗೆ ನಿಂತರು.

2021ರ ನಿಯಮದಂತೆ, ನೋಂದಾಯಿತ ಕೇಂದ್ರದಲ್ಲಿ ಗಾಡಿ ಒಡೆದಾಗ ಷಾಸಿ ನಂಬರಿನ ತುಂಡನ್ನು ಕತ್ತರಿಸಿ ತೆಗೆದಿಡಬೇಕು. ಉಳಿದ ಕಬ್ಬಿಣ ಕರಗಿ ಯಾರದೋ ಮನೆಯ ಸರಳಾದೀತು. ಅಜ್ಜನ ಪಾಲಿಗೆ ಉಳಿಯುವುದು ಒಂದು ಫೋಟೋ. ಪ್ರಿಂಟ್ ಹಾಕಿಸಿ ಕೊಟ್ಟುಬಂದೆ. ದುಡ್ಡು ಕೊಡಲು ಬಂದರು, ತಗೊಳ್ಳಲಿಲ್ಲ.

ಅಂದಿನಿಂದ ಪ್ರತಿ ಫೋಟೋದ ಹಿಂದೆ ಬರೆದಿಡುತ್ತೇನೆ: ಯಾವ ಊರಿನ ಗಾಡಿ, ಏನು ಹೊತ್ತಿತು, ಎಷ್ಟು ಮಂದಿಯನ್ನು ಸಾಕಿತು. ಲೆಕ್ಕದ ಪುಸ್ತಕದಲ್ಲಿ ಇದಕ್ಕೆ ಅಂಕಣವಿಲ್ಲ. ನಿಮ್ಮ ಕಡೆ ಅಂಥ ಲಾರಿಯೋ ನೇಗಿಲೋ ಇದ್ದರೆ ಹೇಳಿ ಮಾರಾಯ್ರೇ, ಗುಜರಿಯವನಿಗಿಂತ ಮೊದಲು ನಾನು ಬರಬೇಕು.