ನೆತ್ತಿಯ ಸೂರ್ಯನೂ ಬಾಲಕರ ಪ್ರಶ್ನೆಗಳೂ

ಆಕಾಶವು ಬಲ್ಲಿದ ಬಡವರೆಂಬ ಭೇದವಿಲ್ಲದೆ ಸಕಲರಿಗೂ ತೆರೆದಿಟ್ಟ ಗ್ರಂಥವಾಗಿದೆ. ಆದರೂ ಪಾಠಶಾಲೆಯಲ್ಲಿ ಖಗೋಲಶಾಸ್ತ್ರದ ಮೊದಲ ಪಾಠವು ನಾಲ್ಕು ಗೋಡೆಗಳ ನಡುವೆ ಆರಂಭವಾಗಿ ಅಲ್ಲಿಯೇ ಮುಗಿಯುವುದುಂಟು. ಬಾಲಕನು ಉತ್ತರವನ್ನು ಬಾಯಿಪಾಠ ಮಾಡಿ ತೇರ್ಗಡೆ ಹೊಂದುವನು. ಅವನ ಮನದೊಳಗಿನ ತಪ್ಪು ತಿಳಿವಳಿಕೆಯಾದರೋ ಕದಲದೆ ಕುಳಿತಿರುವುದು.

ಬೇಸಗೆಯಲ್ಲಿ ಸೆಕೆಯೇಕೆಂದು ಕೇಳಿದರೆ, "ಸೂರ್ಯನು ಆಗ ಭೂಮಿಗೆ ಹತ್ತಿರ ಬರುವನು" ಎನ್ನುವವರು ಎಲ್ಲೆಡೆಯೂ ಇರುವರು. 1987ರಲ್ಲಿ ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದ ಪದವೀಧರರನ್ನು ಕೇಳಿದಾಗ ಅವರಲ್ಲಿಯೂ ಬಹುಮಂದಿ ಇದನ್ನೇ ಹೇಳಿದರು. ನಿಜವಾಗಿ ಭೂಮಿಯು ಸೂರ್ಯನಿಗೆ ಅತಿ ಸಮೀಪವಾಗುವುದು ಜನವರಿಯ ಮೊದಲ ವಾರದಲ್ಲಿ. ಆಗಿನ ದೂರ ಸುಮಾರು 14 ಕೋಟಿ 71 ಲಕ್ಷ ಕಿಲೋಮೀಟರ್. ಜುಲೈ ಮೊದಲಲ್ಲಿ ಅದು 15 ಕೋಟಿ 21 ಲಕ್ಷಕ್ಕೆ ಏರುವುದು. ಸಾಮೀಪ್ಯವೇ ಕಾರಣವಾಗಿದ್ದರೆ ಜೇವರ್ಗಿಯವರು ಸಂಕ್ರಾಂತಿಯ ಹಿಂದುಮುಂದಿನಲ್ಲಿ ಬೆವರಬೇಕಾಗಿತ್ತು! ಭೂಮಿಯ ಅಕ್ಷದ ಓರೆಯೇ ಇದರ ಮೂಲ.

ಈ ಮಾತನ್ನು ನಂಬಿಸಲು ಒಂದು ನೆಟ್ಟ ಕೋಲು ಸಾಕು. ನಡುಹಗಲಿನಲ್ಲಿ ಸೂರ್ಯನು ದಿನವೂ ನೆತ್ತಿಯ ಮೇಲಿರುವನೆಂಬುದು ಮತ್ತೊಂದು ತಪ್ಪು. ಈ ಸೀಮೆಯಲ್ಲಿ ಅವನು ವರ್ಷಕ್ಕೆ ಎರಡೇ ದಿನ ನಡುನೆತ್ತಿಗೆ ಬರುವನು. ಮೇ ತಿಂಗಳ 8ರ ಸುಮಾರಿಗೆ ಜೇವರ್ಗಿಯಲ್ಲಿ, ಅನಂತರ ಅಫಜಲಪುರದಲ್ಲಿ, 10ರ ಸುಮಾರಿಗೆ ಆಳಂದದಲ್ಲಿ, ಗಡಿಯಾರದ 12 ಗಂಟೆ 20 ನಿಮಿಷದ ಹೊತ್ತಿಗೆ ಕೋಲಿನ ನೆರಳು ಅದರ ಬುಡದಲ್ಲಿಯೇ ಅಡಗುವುದು. ಆಗಸ್ಟ್ ಮೊದಲ ವಾರದಲ್ಲಿ ಇದೇ ನೋಟವು ಆಳಂದದಿಂದ ಜೇವರ್ಗಿಗೆ ಹಿಂದಿರುಗುವುದು. ನಡುವಣ ಜೂನ್ ತಿಂಗಳಲ್ಲಿ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುವುದು. ಹಾಗಾದರೆ ಆಗಸ್ಟಿನಲ್ಲಿ ಮೇ ತಿಂಗಳ ಉರಿ ಏಕಿಲ್ಲವೆಂದು ಚುರುಕು ಬಾಲಕನು ಕೇಳಬಹುದು. ಮಳೆಗಾಲದ ಮೋಡವೂ ನೆನೆದ ನೆಲವೂ ಅದಕ್ಕೆ ಉತ್ತರ ಹೇಳುವುವು.

ಒಕ್ಕಲಿಗರ ಮನೆಯ ಮಗುವು ಕೇಳುವ ಪ್ರಶ್ನೆ ಇನ್ನೂ ಸೊಗಸಾದುದು: "ರೋಹಿಣಿ ಮಳೆಯ ಕಾಲದಲ್ಲಿ ರೋಹಿಣಿ ನಕ್ಷತ್ರವು ಏಕೆ ಕಾಣದು?" ಮೇ ಕೊನೆಯ ವಾರದಿಂದ ಜೂನ್ ಮೊದಲ ವಾರದವರೆಗೆ ಸೂರ್ಯನೇ ಆ ನಕ್ಷತ್ರದ ದಿಕ್ಕಿನಲ್ಲಿರುವನು, ರೋಹಿಣಿಯು ಅವನೊಡನೆ ಮೂಡಿ ಅವನೊಡನೆ ಮುಳುಗುವುದು. ಆರು ತಿಂಗಳು ಕಳೆದು ಡಿಸೆಂಬರ್ ಮೊದಲಾದಾಗ ಸಂಜೆಗೆ ಮೂಡಿ ಇರುಳೆಲ್ಲ ಬೆಳಗುವುದು. ಹೊಲದ ಲೆಕ್ಕದಲ್ಲಿಯೇ ಶಾಸ್ತ್ರದ ಬೀಜವಿರುವುದು. ಉಪಾಧ್ಯಾಯನು ಅದಕ್ಕೆ ನೀರೆರೆದರೆ ಸಾಕು.

ಅಮಾವಾಸ್ಯೆಗೆ ಭೂಮಿಯ ನೆರಳೇ ಕಾರಣವೆಂಬ ಭ್ರಮೆಯೂ ಬಲವಾದುದು. ನೆರಳು ಬೀಳುವುದು ಸೂರ್ಯನಿಗೆ ಎದುರು ದಿಕ್ಕಿನಲ್ಲಿ. ಅಮಾವಾಸ್ಯೆಯ ಚಂದ್ರನಿರುವುದು ಸೂರ್ಯನ ದಿಕ್ಕಿನಲ್ಲಿಯೇ. ಅವನ ಬೆಳಗಿದ ಮುಖವು ಆಗ ಅತ್ತ ತಿರುಗಿರುವುದು. ನೆರಳು ಅವನನ್ನು ಮುಟ್ಟುವುದು ಕೆಲವು ಹುಣ್ಣಿಮೆಗಳಲ್ಲಿ ಮಾತ್ರ. ಅವನ ಪಥವು ಸುಮಾರು 5 ಡಿಗ್ರಿ ಓರೆಯಾಗಿರುವುದರಿಂದ ಪ್ರತಿ ಹುಣ್ಣಿಮೆಗೂ ಗ್ರಹಣವಿಲ್ಲ.

ಗ್ರಹಣದ ಮಾತು ಬಂದೊಡನೆ ಕದ ಮುಚ್ಚಿ ಮಕ್ಕಳನ್ನು ಒಳಗಿರಿಸುವ ಮನೆಗಳು ಇನ್ನೂ ಉಂಟು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ನೋಡಲೆಂದು ಪರದೇಶದ ವಿದ್ವಾಂಸರು ಗುಂಟೂರಿಗೆ ಬಂದು ಬೀಡುಬಿಟ್ಟರು. ಈ ಸೀಮೆಗೆ ನೆರೆಯಾದ ಜಮಖಂಡಿಯಲ್ಲಿಯೂ ವೀಕ್ಷಣೆ ನಡೆಯಿತು. ಆ ವರ್ಷ ಸೂರ್ಯನ ಬೆಳಕಿನಲ್ಲಿ ಕಂಡ ಹಳದಿಯ ಗೆರೆಯು ಹೀಲಿಯಂ ಎಂಬ ಮೂಲಧಾತುವಿನ ಪರಿಚಯಕ್ಕೆ ದಾರಿಯಾಯಿತು. ಸಾವಿರಾರು ಹರದಾರಿ ದಾಟಿ ಬಂದವರಿಗೆ ದೊರೆತುದು, ಕದದ ಹಿಂದೆ ಕುಳಿತವರಿಗೆ ದೊರೆಯಲಿಲ್ಲ.

ಬರಿಗಣ್ಣಿನಿಂದ ಸೂರ್ಯನನ್ನು ನೋಡಿದರೆ ದೃಷ್ಟಿಗೆ ಹಾನಿ ನಿಶ್ಚಯ. ಆ ಎಚ್ಚರವನ್ನು ಹಿರಿಯರು ಹೇಳಲೇಬೇಕು. ಆದರೆ ಗ್ರಹಣದ ದಿನ ಬೇವಿನ ಮರದಡಿಯಲ್ಲಿ ಬಿದ್ದ ಬೆಳಕಿನ ಚುಕ್ಕೆಗಳನ್ನು ನೋಡಲು ಯಾವ ಭಯವೂ ಇಲ್ಲ. ಒಂದೊಂದು ಚುಕ್ಕೆಯೂ ಬಿದಿಗೆಯ ಚಂದ್ರನಂತೆ ಬಾಗಿರುವುದು. ಅದನ್ನು ಒಮ್ಮೆ ಕಂಡ ಮಗುವು ಇನ್ನೊಬ್ಬರ ಮಾತನ್ನು ಪರೀಕ್ಷಿಸದೆ ಒಪ್ಪಲಾರದು. ಶಾಲೆಯಿಂದ ಊರಿಗೆ ಸಲ್ಲಬೇಕಾದ ಲಾಭವೂ ಇದೇ.