ಅರಿಶಿನದ ಬೊಟ್ಟಿನ ಕಾಗದ

ಬೆಂಗಳೂರಿಗೆ ಮಗಳ ಮನೆಗೆ ಹೋದರೆ ನೀವೆಲ್ಲ ಏನು ನೋಡುತ್ತೀರಿ? ಲಾಲ್‌ಬಾಗು, ವಿಧಾನಸೌಧ, ಸೀರೆ ಅಂಗಡಿ, ಅಷ್ಟೇ ತಾನೆ? ಈ ಸಲ ನಾನು ಮೊಮ್ಮಗಳ ಜೊತೆ ಮ್ಯೂಸಿಯಂ ರಸ್ತೆಯ ಅಂಚೆ ಕಚೇರಿಯಲ್ಲಿರುವ 'ಸಂದೇಶ' ಸಂಗ್ರಹಾಲಯಕ್ಕೆ ಹೋಗಿದ್ದೆ. ಸ್ಟಾಂಪು ನೋಡೋದಕ್ಕೂ ಒಂದು ಮ್ಯೂಸಿಯಮ್ಮೇ ಎಂದು ನಗಬೇಡಿ.

"ಅಜ್ಜಿ, ನಮ್ಮ ಸಿಂಧನೂರಿಗೆ ಯಾವ ಸ್ಟಾಂಪು ಬರ್ತಿತ್ತು?" ಎಂದಳು ಹುಡುಗಿ. ಒಳ್ಳೆಯ ಪ್ರಶ್ನೆ ನೋಡ್ರಿ! ಸಿಂಧನೂರು, ಮಸ್ಕಿ, ಲಿಂಗಸುಗೂರು ಆಗ ನಿಜಾಮರ ಸೀಮೆ. ಅವರು 1869ರಲ್ಲೇ ಸ್ವಂತ ಸ್ಟಾಂಪು ಹೊರಡಿಸಿದ್ದರು. ಅದು ನಡೆಯುತ್ತಿದ್ದುದು ಸಂಸ್ಥಾನದೊಳಗೆ ಮಾತ್ರ. ಲಿಂಗಸುಗೂರಿನಿಂದ ಸಿಂಧನೂರಿಗೆ ಬರೆದರೆ ನಿಜಾಮರ ಸ್ಟಾಂಪು. ಹೊಳೆಯಾಚೆಯ ಬಳ್ಳಾರಿಗಾದರೆ ಬ್ರಿಟಿಷರದು. 1950ರ ಏಪ್ರಿಲ್ 1ರಂದು ನಿಜಾಮರ ಅಂಚೆ ಭಾರತದ ಅಂಚೆಯಲ್ಲಿ ಸೇರಿತು. 1956ರಲ್ಲಿ ನಮ್ಮ ಜಿಲ್ಲೆಯೇ ಮೈಸೂರು ರಾಜ್ಯಕ್ಕೆ ಬಂತು. ಮನೆ ಅದೇ, ವಿಳಾಸ ಅದೇ, ಸರ್ಕಾರ ಮಾತ್ರ ಬೇರೆ ಬೇರೆ!

ನಮ್ಮ ಅವ್ವ ಲಿಂಗಸುಗೂರಿನಿಂದ ಸಿಂಧನೂರಿಗೆ ಸೊಸೆಯಾಗಿ ಬಂದವಳು. ಓದು ಬರಹ ಅವಳಿಗೂ ಇಲ್ಲ, ಅವಳ ತಾಯಿಗೂ ಇಲ್ಲ. ತವರಿನ ಕಾಗದ ಬರೆಯುವವರು ಯಾರೋ, ಅತ್ತೆಮನೆಯ ಪಡಸಾಲೆಯಲ್ಲಿ ಎಲ್ಲರೆದುರು ಓದುವವರು ಇನ್ಯಾರೋ. ಹೊಟ್ಟೆಯೊಳಗಿನ ಮಾತು ಹೇಳುವುದು ಹೇಗೆ? ಅದಕ್ಕೇ ಎಲ್ಲ ಕಾಗದಗಳಲ್ಲೂ "ನಾವು ಕ್ಷೇಮ, ನಿಮ್ಮ ಕ್ಷೇಮ ತಿಳಿಸುವುದು" ಅಷ್ಟೇ. ಆದರೆ ಮೂಲೆಯಲ್ಲೊಂದು ಅರಿಶಿನದ ಬೊಟ್ಟು ಇರುತ್ತಿತ್ತು. ಅಜ್ಜಿ ಸ್ವಂತ ಕೈಯಿಂದ ಬರೆದದ್ದು ಅದೊಂದೇ. ಅವ್ವ ಮೊದಲು ನೋಡುತ್ತಿದ್ದುದೂ ಅದನ್ನೇ. ಕೊನೆಗೊಂದು ದಿನ ಮೂಲೆಗೆ ಮಸಿ ಬಳಿದ ಕಾರ್ಡು ಬಂತು. ಅದನ್ನು ಯಾರೂ ಓದಿ ಹೇಳಬೇಕಾಗಲಿಲ್ಲ.

ಸ್ಟಾಂಪು ಅಂಟಿಸುವುದೂ ಮೂಲೆಯಲ್ಲೇ ಅಲ್ಲವೇ? ಆದ್ದರಿಂದ ಮಕ್ಕಳು ಆಲ್ಬಂಗೆಂದು ಕತ್ತರಿ ಹಿಡಿದು ಬಂದರೆ ಕೊಡಬೇಡಿ. ಬಿಡಿ ಸ್ಟಾಂಪಿಗಿಂತ ಇಡೀ ಲಕೋಟೆ ಹೆಚ್ಚು ಹೇಳುತ್ತದೆ. ಊರು, ತಾರೀಖು ಎಲ್ಲ ಅಂಚೆ ಮುದ್ರೆಯಲ್ಲಿರುತ್ತದೆ. ರಬ್ಬರ್ ಬ್ಯಾಂಡು, ಸೆಲ್ಲೋಟೇಪು ಬೇಡ. ತೇವವಿಲ್ಲದ ಕಡೆ ಇಡಿ. ಯಾರು ಯಾರಿಗೆ ಬರೆದದ್ದೆಂದು ಬೇರೆ ಚೀಟಿಯಲ್ಲಿ ಬರೆದು ಜೊತೆಗಿಡಿ.

ನಮ್ಮ ಮಸ್ಕಿಯ ಬಂಡೆಯ ಮೇಲೆ ಅಶೋಕ ಬರೆಸಿದ ಮಾತು ಎರಡು ಸಾವಿರ ವರ್ಷ ದಾಟಿ 1915ರಲ್ಲಿ ಬೆಳಕಿಗೆ ಬಂತು. ಅದನ್ನು ಕಾಯಲು ಕಲ್ಲಿತ್ತು. ಅವ್ವಂದಿರ ಮಾತು ಇರುವುದು ಬರೀ ಕಾಗದದ ಮೇಲೆ, ಕಾಯುವವರು ನಾವೇ. ನಾಳೆ ಮಧ್ಯಾಹ್ನ ಕೆಲಸ ಮುಗಿದ ಮೇಲೆ ಆ ಹಳೆಯ ಟ್ರಂಕು ತೆಗೆದು ನೋಡುತ್ತೀರಿ ತಾನೆ?