ದಿನಗಳನ್ನು ಕಾಲಿಗೆ ಹಂಚು

ಟೆ ಅನಾವ್, ನ್ಯೂಜಿಲೆಂಡ್

ಪ್ರೀತಿಯ ವಸು,

ನೀನು ಕಳಿಸಿದ ಪಟ್ಟಿಯಲ್ಲಿ ಹದಿನಾಲ್ಕು ದಿನಕ್ಕೆ ಹದಿನಾರು ಊರುಗಳಿವೆ. ಎರಡೂ ದ್ವೀಪ, ಆಕ್ಲೆಂಡಿನಿಂದ ಮಿಲ್ಫರ್ಡ್‌ವರೆಗೆ, ನಡುವೆ ಹಿಮನದಿ, ತಿಮಿಂಗಿಲ, ಬಿಸಿನೀರಿನ ಬುಗ್ಗೆ, ಬಂಜಿ ಜಿಗಿತ. ನಿಮ್ಮ ಉತ್ಸಾಹ ನೋಡಿ ಖುಷಿಯಾಯಿತು. ಆದರೆ ಹೀಗೇ ಬಂದರೆ ನೀವಿಬ್ಬರೂ ಕಾರಿನ ಸೀಟಿನಲ್ಲೇ ಈ ದೇಶ ಮುಗಿಸಿಕೊಂಡು ಹೋಗುತ್ತೀರಿ. ನಡೆಯಬೇಕು, ಬೆಟ್ಟ ಹತ್ತಬೇಕು, ದೋಣಿಗೆ ಹುಟ್ಟು ಹಾಕಬೇಕು ಎಂದು ಹೊರಟವರು ನೀವು. ಅದಕ್ಕೇ ಹೇಳುತ್ತೇನೆ, ಮೊದಲು ಊರುಗಳ ಹೆಸರು ಬರೆಯಬೇಡ. ಯಾವ ದಿನ ಕಾಲಿಗೆ, ಯಾವ ದಿನ ಚಕ್ರಕ್ಕೆ ಎಂದು ಹಂಚು. ಆಮೇಲೆ ಊರುಗಳು ತಾವಾಗಿಯೇ ಬಂದು ಕೂರುತ್ತವೆ, ಕೆಲವು ತಾವಾಗಿಯೇ ಬಿಟ್ಟುಹೋಗುತ್ತವೆ.

ನಿಮಗೆ ಮೂರು ವಾರ ಬೇಕು. ಎರಡೇ ವಾರ ರಜೆ ಸಿಕ್ಕರೆ ಉತ್ತರ ದ್ವೀಪವನ್ನು ಪೂರ್ತಿ ಬಿಟ್ಟು ದಕ್ಷಿಣಕ್ಕೆ ಮಾತ್ರ ಬನ್ನಿ, ಬೇಸರವೇನೂ ಬೇಡ. ಎರಡನ್ನೂ ಅರ್ಧರ್ಧ ನೋಡುವುದು ಬೇಡ.

ನಕ್ಷೆಯಲ್ಲಿ ಎಲ್ಲ ಹತ್ತಿರ ಹತ್ತಿರವೇ ಕಾಣುತ್ತದೆ. ಆಕ್ಲೆಂಡಿನಿಂದ ವೆಲಿಂಗ್ಟನ್‌ಗೆ ಸುಮಾರು 640 ಕಿಲೋಮೀಟರ್, ಆದರೆ ಊಟ ಕಾಫಿ ಬಿಟ್ಟು ಎಂಟು ಗಂಟೆ ಹಿಡಿಯುತ್ತದೆ. ಹೆದ್ದಾರಿ ಎಂದರೂ ಬಹುಪಾಲು ಹೋಗುವುದಕ್ಕೊಂದು, ಬರುವುದಕ್ಕೊಂದು ಲೇನ್ ಅಷ್ಟೇ. ಊರಾಚೆ ಗಂಟೆಗೆ 100 ಕಿಲೋಮೀಟರ್ ಮಿತಿ ಎಂದು ಫಲಕ ಹೇಳುತ್ತದೆ, ತಿರುವುಗಳು ಅದಕ್ಕೆ ಒಪ್ಪುವುದಿಲ್ಲ. ನಾಲ್ಕು ಗಂಟೆಗಿಂತ ಹೆಚ್ಚು ಓಡಿಸುವ ದಿನವನ್ನು ನಡಿಗೆಯ ದಿನ ಎಂದು ಲೆಕ್ಕ ಹಾಕಬೇಡ. ಸಮಾಧಾನದ ವಿಷಯವೆಂದರೆ ಇಲ್ಲೂ ಎಡಬದಿಯ ಓಡಾಟ, ಬಲಬದಿಯ ಸ್ಟೀರಿಂಗ್. ಇಂಗ್ಲಿಷಿನಲ್ಲಿರುವ ನಮ್ಮ ಲೈಸೆನ್ಸೇ ನಡೆಯುತ್ತದೆ. ಹೊಸದು ಎನಿಸುವುದು ಒಂದೇ ಲೇನಿನ ಸೇತುವೆಗಳು. ಕೆಂಪು ವೃತ್ತದ ಫಲಕ ನಿನ್ನ ಕಡೆಗಿದ್ದರೆ ನೀನು ನಿಂತು ಎದುರಿನವರನ್ನು ಬಿಡಬೇಕು, ನೀಲಿ ಫಲಕವಿದ್ದರೆ ದಾರಿ ಮೊದಲು ನಿನ್ನದು. ಹಿಂದೆ ನಾಲ್ಕಾರು ಕಾರು ಸೇರಿಕೊಂಡರೆ ಬದಿಗೆ ಸರಿದು ಅವರನ್ನು ಮುಂದೆ ಬಿಡು, ಇಲ್ಲಿಯವರು ಅದನ್ನು ಮರ್ಯಾದೆ ಎಂದು ತಿಳಿಯುತ್ತಾರೆ. ವಿಮಾನ ಇಳಿದ ದಿನ ಮಾತ್ರ ಸ್ಟೀರಿಂಗ್ ಮುಟ್ಟಲೇಬೇಡಿ. ಇಲ್ಲಿಯ ಬೇಸಿಗೆಯಲ್ಲಿ ಗಡಿಯಾರ ನಮ್ಮದಕ್ಕಿಂತ ಏಳೂವರೆ ಗಂಟೆ ಮುಂದೆ ಇರುತ್ತದೆ, ಬೆಳಗ್ಗೆ ಎಂದುಕೊಂಡ ಹೊತ್ತು ದೇಹಕ್ಕೆ ನಡುರಾತ್ರಿ.

ಬರುವುದಾದರೆ ಫೆಬ್ರುವರಿ ಇಲ್ಲವೇ ಮಾರ್ಚ್. ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ ಇಲ್ಲಿಯ ಶಾಲೆಗಳಿಗೂ ರಜೆ, ಇಡೀ ದೇಶವೇ ಡೇರೆ ಕಟ್ಟಿಕೊಂಡು ಹೊರಗೆ ಬಂದಿರುತ್ತದೆ.

ಇನ್ನು ದಾರಿ. ಆಕ್ಲೆಂಡಿನಲ್ಲಿ ಕಾರು ಹಿಡಿದು ಕ್ರೈಸ್ಟ್‌ಚರ್ಚಿನಲ್ಲಿ ಬಿಟ್ಟು ಅಲ್ಲಿಂದಲೇ ವಿಮಾನ ಹತ್ತಿ. ಹಿಂದಿರುಗಿ ಬರುವ ದಾರಿ ಉಳಿಯಿತೆಂದರೆ ಎರಡು ದಿನ ನಡಿಗೆಗೆ ಸಿಕ್ಕಿದಂತೆ. ಆಕ್ಲೆಂಡಿನಲ್ಲಿ ಒಂದು ರಾತ್ರಿ ನಿದ್ದೆ ಮಾಡಿ ರೊಟೊರುವಾಕ್ಕೆ ಬನ್ನಿ. ಗಂಧಕದ ವಾಸನೆ, ಕುದಿಯುವ ಕೆಸರು, ನೆಲದಿಂದ ಏಳುವ ಹಬೆ, ರೆಡ್‌ವುಡ್ ಮರಗಳ ಕಾಡಿನಲ್ಲಿ ಸೈಕಲ್ ದಾರಿ. ಎರಡು ರಾತ್ರಿ ಸಾಕು.

ಟೊಂಗರಿರೊಗೆ ಮಾತ್ರ ಮೂರು ರಾತ್ರಿ ಕೊಡಲೇಬೇಕು. ಅಲ್ಲಿಯ ಆಲ್ಪೈನ್ ಕ್ರಾಸಿಂಗ್ ಎಂಬ ನಡಿಗೆ ಸುಮಾರು 20 ಕಿಲೋಮೀಟರ್, ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವಂಥದ್ದು, ಆರರಿಂದ ಎಂಟು ಗಂಟೆ. ಕುಮಾರಪರ್ವತ ಹತ್ತಿದ ನಿಮಗೆ ದೂರದ ಚಿಂತೆ ಬೇಡ. ಅಲ್ಲಿ ಆಟವಾಡಿಸುವುದು ಗಾಳಿ. ನಾವು ಹೊರಟ ಮೊದಲ ಬೆಳಗ್ಗೆ ಕೆಳಗೆ ಬಿಸಿಲಿತ್ತು, ಮೇಲೆ ನಿಲ್ಲಲಾರದಷ್ಟು ಬಿರುಗಾಳಿ ಎಂದು ಬಸ್ಸು ಬಿಡಲಿಲ್ಲ. ಮಾರನೆಯ ದಿನ ಆಕಾಶ ತೊಳೆದಿಟ್ಟಂತಿತ್ತು. ಆ ಒಂದು ಹೆಚ್ಚಿನ ರಾತ್ರಿ ಕೈಯಲ್ಲಿಲ್ಲದೆ ಇದ್ದಿದ್ದರೆ ಬೆಟ್ಟವನ್ನು ಕಿಟಕಿಯಿಂದ ನೋಡಿಕೊಂಡು ಮುಂದೆ ಹೋಗಬೇಕಿತ್ತು. ಶುರುವಾಗುವ ಮಂಗಟೆಪೊಪೊದಲ್ಲಿ ಕಾರನ್ನು ಇಡೀ ದಿನ ನಿಲ್ಲಿಸಲು ಬಿಡುವುದಿಲ್ಲ, ಹೇಗಿದ್ದರೂ ಕೆಳಗಿಳಿಯುವುದು ಬೇರೆ ಕಡೆ, ಆದ್ದರಿಂದ ಶಟಲ್ ಬಸ್ಸೇ ಸರಿ. ದಾರಿಯುದ್ದಕ್ಕೂ ಕುಡಿಯುವ ನೀರಿಲ್ಲ, ಹೊತ್ತುಕೊಂಡೇ ಹೋಗಬೇಕು.

ಹತ್ತುವುದೆಲ್ಲ ಲಾವಾ ಹರಿದು ಆರಿದ ಕಲ್ಲಿನ ಮೇಲೆ. ಎತ್ತರದ ಜಾಗ ರೆಡ್ ಕ್ರೇಟರಿನ ಅಂಚು, 1,886 ಮೀಟರ್. ಅಲ್ಲಿ ಕೈಯಿಟ್ಟರೆ ಮಣ್ಣು ಬೆಚ್ಚಗಿತ್ತು, ಸಂದಿಗಳಿಂದ ಹಬೆ ಬರುತ್ತಿತ್ತು. ಅಲ್ಲಿಂದ ಕೆಳಗೆ ಸಡಿಲ ಬೂದಿಯ ಇಳಿಜಾರು, ಹಿಮ್ಮಡಿ ಊರಿ ಇಳಿಯಬೇಕು. ಅದರ ಬುಡದಲ್ಲಿ ಹಸಿರು ನೀರಿನ ಎಮರಾಲ್ಡ್ ಕೆರೆಗಳು, ಇನ್ನೂ ಮುಂದೆ ನೀಲಿ ಸರೋವರ. ಈ ನೀರು ಮಾವೊರಿ ಜನರಿಗೆ ಪವಿತ್ರ. ಮುಟ್ಟಬಾರದು, ನೀಲಿ ಸರೋವರದ ದಡದಲ್ಲಿ ಕೂತು ತಿನ್ನಲೂಬಾರದು. ಪಕ್ಕದ ನ್ಗಾರುಹೋಯೆ ಶಿಖರದ ತುದಿ ಹತ್ತಬೇಡಿ ಎಂದೂ ಕೇಳಿಕೊಳ್ಳುತ್ತಾರೆ. ಚಪ್ಪಲಿ ಬಿಟ್ಟು ದೇವಸ್ಥಾನದ ಒಳಗೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1887ರಲ್ಲಿ ನ್ಗಾಟಿ ಟುವ್ಹಾರೆಟೋವಾ ಬುಡಕಟ್ಟಿನ ಮುಖ್ಯಸ್ಥ ಹೊರೊನುಕು ಟೆ ಹೆವುಹೆವು ಇಲ್ಲಿಯ ಮೂರು ಶಿಖರಗಳನ್ನು ತುಂಡು ತುಂಡಾಗಿ ಮಾರಾಟವಾಗದ ಹಾಗೆ ದಾನವಾಗಿ ಬರೆದುಕೊಟ್ಟ. ಈ ದೇಶದ ಮೊದಲ ರಾಷ್ಟ್ರೀಯ ಉದ್ಯಾನ ಹುಟ್ಟಿದ್ದು ಅದರಿಂದ. ಹೀಗೆ ಕೊಟ್ಟ ಬೆಟ್ಟವನ್ನು ಒಂದು ಫೋಟೊ ತೆಗೆದುಕೊಂಡು ದಾಟಿಹೋಗುವುದು ನನಗೆ ಸರಿಯೆನಿಸುವುದಿಲ್ಲ. ಪೂರಾ ಒಂದು ದಿನ ಅದರ ಮೇಲೆ ನಡೆಯಬೇಕು.

ವೆಲಿಂಗ್ಟನ್ನಿನಲ್ಲಿ ಒಂದು ರಾತ್ರಿ, ಟೆ ಪಾಪಾ ವಸ್ತುಸಂಗ್ರಹಾಲಯಕ್ಕೆ ಒಂದು ಮಧ್ಯಾಹ್ನ. ಮರುದಿನ ಬೆಳಗಿನ ಹಡಗು ಹಿಡಿಯಿರಿ. ಸುಮಾರು 92 ಕಿಲೋಮೀಟರ್, ಮೂರೂವರೆ ಗಂಟೆ. ನಡುವೆ ಕುಕ್ ಜಲಸಂಧಿಯಲ್ಲಿ ಅಲೆ ದೊಡ್ಡದಾಗಿದ್ದರೆ ಹೊಟ್ಟೆ ತೊಳಸುತ್ತದೆ, ಶುಂಠಿ ಮಾತ್ರೆ ಕೈಚೀಲದಲ್ಲಿರಲಿ. ಕೊನೆಯ ಒಂದು ಗಂಟೆ ಹಡಗು ಟೋರಿ ಚಾನೆಲ್ ಎಂಬ ಕಿರಿದಾದ ಬಾಯಿಂದ ಒಳಹೊಕ್ಕು ಕಾಡು ತುಂಬಿದ ಗುಡ್ಡಗಳ ನಡುವೆ ಪಿಕ್ಟನ್ ಕಡೆಗೆ ಸಾಗುತ್ತದೆ. ಆ ಹೊತ್ತು ಇಬ್ಬರೂ ಮೇಲಿನ ಡೆಕ್ಕಿನಲ್ಲಿರಿ. ಕತ್ತಲಲ್ಲಿ ಬಂದರೆ ಇದೆಲ್ಲ ತಪ್ಪಿಹೋಗುತ್ತದೆ, ಬೆಳಗಿನ ಹಡಗು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಕಾರು ಕೊಡುವವರಲ್ಲಿ ಕೆಲವರು ತಮ್ಮ ಕಾರನ್ನು ಹಡಗಿಗೆ ಹತ್ತಿಸಲು ಬಿಡುತ್ತಾರೆ, ಕೆಲವರು ವೆಲಿಂಗ್ಟನ್ನಿನಲ್ಲಿ ಬಿಟ್ಟು ಪಿಕ್ಟನ್ನಿನಲ್ಲಿ ಬೇರೆ ಕಾರು ತೆಗೆದುಕೊಳ್ಳಿ ಎನ್ನುತ್ತಾರೆ. ಯಾವುದಾದರೂ ಸರಿ, ಮೊದಲೇ ಕೇಳಿಕೋ.

ಪಿಕ್ಟನ್‌ನಿಂದ ನೇರ ಕ್ರೈಸ್ಟ್‌ಚರ್ಚಿಗೆ ಇಳಿಯುವುದು ಎಲ್ಲರ ಅಭ್ಯಾಸ. ನೀವು ಪಶ್ಚಿಮಕ್ಕೆ ತಿರುಗಿ, ಏಬೆಲ್ ಟಾಸ್ಮನ್ ಉದ್ಯಾನಕ್ಕೆ. ಇಡೀ ದೇಶದ ರಾಷ್ಟ್ರೀಯ ಉದ್ಯಾನಗಳಲ್ಲಿ ಇದೇ ಚಿಕ್ಕದು, ನನ್ನ ಮಟ್ಟಿಗೆ ಇದೇ ಪ್ರೀತಿಯದು. ಕಡಲಂಚಿನ ಕಾಲುದಾರಿ ಒಟ್ಟು 60 ಕಿಲೋಮೀಟರ್. ಪೂರ್ತಿ ನಡೆಯುವುದಾದರೆ ಗುಡಿಸಲುಗಳಲ್ಲಿ ಜಾಗ ಮೊದಲೇ ಕಾಯ್ದಿರಿಸಬೇಕು. ನಿಮಗೆ ಮೂರು ರಾತ್ರಿ ಮಾರಹಾವ್ ಊರಿನಲ್ಲಿ ಸಾಕು. ಒಂದು ದಿನ ವಾಟರ್ ಟ್ಯಾಕ್ಸಿಯಲ್ಲಿ ಬಾರ್ಕ್ ಬೇಗೆ ಹೋಗಿ, ಅಲ್ಲಿಂದ ಆಂಕರೇಜ್‌ವರೆಗೆ ನಡೆದು ಬನ್ನಿ, ಸಂಜೆ ಅದೇ ಟ್ಯಾಕ್ಸಿ ಕರೆದುಕೊಂಡು ಬರುತ್ತದೆ. ಇನ್ನೊಂದು ದಿನ ಕಯಾಕ್. ಬಂಡೆಗಳ ಮೇಲೆ ಸೀಲ್‌ಗಳು ಬಿಸಿಲು ಕಾಯಿಸುತ್ತಿರುತ್ತವೆ. ಹುಟ್ಟು ನಿಲ್ಲಿಸಿ ದೂರದಿಂದಲೇ ನೋಡಿ.

ಈ ತೀರದಲ್ಲಿ ದಿನವನ್ನು ನಡೆಸುವುದು ಭರತ ಇಳಿತ. ನೀರು ನಾಲ್ಕು ಮೀಟರಿನಷ್ಟು ಏರಿ ಇಳಿಯುತ್ತದೆ. ಅವಾರೋವಾ ಎಂಬಲ್ಲಿ ಅಳಿವೆಯನ್ನು ದಾಟಲು ಇಳಿತಕ್ಕೆ ಒಂದೂವರೆ ಗಂಟೆ ಮೊದಲಿನಿಂದ ಎರಡು ಗಂಟೆ ನಂತರದವರೆಗೆ ಮಾತ್ರ ದಾರಿ, ಸುತ್ತಿ ಹೋಗಲು ಬೇರೆ ಹಾದಿಯಿಲ್ಲ. ಟಾರೆಂಟ್ ಬೇಯಲ್ಲೂ ಇಳಿತವಿದ್ದರೆ ಅಡ್ಡ ಹಾಯ್ದು ಹೋಗಬಹುದು, ಇಲ್ಲದಿದ್ದರೆ ಸುತ್ತು. ಹೀಗಾಗಿ ಎಷ್ಟು ಗಂಟೆಗೆ ಹೊರಡಬೇಕೆಂದು ತಿಂಡಿಯ ಹೊತ್ತು ನೋಡಿ ಹೇಳಬೇಡ, ಭರತ ಇಳಿತದ ಕೋಷ್ಟಕ ನೋಡಿ ಹೇಳು. ನಾವು ಬೂಟು ಬಿಚ್ಚಿ ಕೊರಳಿಗೆ ಹಾಕಿಕೊಂಡು ಕಪ್ಪೆಚಿಪ್ಪಿನ ಚೂರುಗಳ ಮೇಲೆ ತಣ್ಣನೆ ನೀರಿನಲ್ಲಿ ನಡೆದ ಆ ಹೊತ್ತು ಈ ಪ್ರವಾಸದಲ್ಲೇ ನನಗೆ ಅತಿ ಪ್ರಿಯವಾದದ್ದು. ಇನ್ನೊಂದು ವಿಷಯ ನಿನಗೆ ಇಷ್ಟವಾಗುತ್ತದೆ. ಅವಾರೋವಾದ ಕಡಲತೀರದ ಒಂದು ಭಾಗ ಖಾಸಗಿಯವರದಾಗಿತ್ತು, ಮಾರಾಟಕ್ಕೂ ಬಂದಿತ್ತು. 2016ರಲ್ಲಿ ಸುಮಾರು 40,000 ಜನ ಸೇರಿ ತಲಾ ಇಷ್ಟಿಷ್ಟು ಹಾಕಿ ಇಪ್ಪತ್ತು ಲಕ್ಷ ಡಾಲರಿಗೂ ಹೆಚ್ಚು ಕೂಡಿಸಿ ಅದನ್ನು ಕೊಂಡು ಉದ್ಯಾನಕ್ಕೆ ಕೊಟ್ಟುಬಿಟ್ಟರು. ನಮ್ಮ ಕರಾವಳಿಯಲ್ಲಿ ಬೇಲಿ ಏಳುತ್ತಿರುವುದನ್ನು ನೋಡಿಕೊಂಡು ಬಂದ ನನಗೆ ಆ ಮರಳಿನ ಮೇಲೆ ಕಾಲಿಟ್ಟಾಗ ಮನಸ್ಸು ತುಂಬಿ ಬಂತು.

ಅಲ್ಲಿಂದ ಪಶ್ಚಿಮ ಕರಾವಳಿ. ಪುನಕೈಕಿಯಲ್ಲಿ ಪದರ ಪದರವಾದ ಸುಣ್ಣದ ಬಂಡೆಗಳ ನಡುವಿನಿಂದ ಕಡಲು ಚಿಮ್ಮುವುದು ಭರತದ ಹೊತ್ತಿಗೆ ಮಾತ್ರ, ಇಲ್ಲಿಯೂ ಕೋಷ್ಟಕ ನೋಡಿಕೊಳ್ಳಿ. ಫ್ರಾನ್ಸ್ ಜೋಸೆಫ್ ಹಿಮನದಿ ತುಂಬ ಹಿಂದೆ ಸರಿದಿದೆ, 2012ರಿಂದ ಕಣಿವೆಯಿಂದ ನಡೆದು ಮಂಜಿನ ಮೇಲೆ ಹತ್ತುವ ದಾರಿಯಿಲ್ಲ, ಹೆಲಿಕಾಪ್ಟರ್ ಮಾತ್ರ. ಆ ದುಡ್ಡನ್ನು ಉಳಿಸಿಕೊಳ್ಳಿ ಎನ್ನುತ್ತೇನೆ. ಎರಡು ರಾತ್ರಿಯಲ್ಲಿ ಈ ಕರಾವಳಿ ದಾಟಿ, ಹಾಸ್ಟ್ ಕಣಿವೆಯಿಂದ ಒಳನಾಡಿಗೆ ಹತ್ತಿ ವಾನಕಾ ಸೇರಿ. ಪೆಟ್ರೋಲ್ ಕಂಡಲ್ಲಿ ತುಂಬಿಸಿಕೊಳ್ಳುತ್ತಿರಿ. ವಾನಕಾದಲ್ಲಿ ರಾಯ್ಸ್ ಪೀಕ್, 1,578 ಮೀಟರ್, ಬೆಳಗಿನ ಜಾವ ಹೊರಟರೆ ನೆತ್ತಿಗೆ ಬಿಸಿಲು ಬರುವ ಮುನ್ನ ಮೇಲಿರುತ್ತೀರಿ. ನೆರಳು ಎಲ್ಲಿಯೂ ಇಲ್ಲ, ಇಲ್ಲಿಯ ಬಿಸಿಲು ತಣ್ಣನೆ ಗಾಳಿಯಲ್ಲೂ ಚರ್ಮ ಸುಡುತ್ತದೆ. ಕ್ವೀನ್ಸ್‌ಟೌನಿನಲ್ಲಿ ಬಂಜಿ ಜಿಗಿಯಲೇಬೇಕೆಂದಿದ್ದರೆ ಕವರಾವ್ ಸೇತುವೆಯಲ್ಲೇ ಜಿಗಿಯಿರಿ. 43 ಮೀಟರ್ ಎತ್ತರ, 1988ರಲ್ಲಿ ಈ ಸಾಹಸ ಶಾಶ್ವತ ವ್ಯಾಪಾರವಾಗಿ ಶುರುವಾದ ಜಾಗ ಅದು. ಕ್ವೀನ್ಸ್‌ಟೌನ್ ರಾತ್ರಿ ಉಳಿಯಬೇಕಾದ ಊರಲ್ಲ.

ಈಗ ನಾವಿರುವ ಟೆ ಅನಾವ್‌ನಿಂದ ಮಿಲ್ಫರ್ಡ್ ಸೌಂಡಿಗೆ 120 ಕಿಲೋಮೀಟರಿಗೆ ಹತ್ತಿರ. ಎರಡು ಗಂಟೆಯ ದಾರಿ, ನಿಲ್ಲಿಸದೆ ಹೋಗಲು ಯಾರಿಗೂ ಮನಸ್ಸು ಬರುವುದಿಲ್ಲ. ನಡುವೆ ಡಿವೈಡ್ ಎಂಬಲ್ಲಿ ಕಾರು ನಿಲ್ಲಿಸಿ ಕೀ ಸಮಿಟ್‌ಗೆ ಹತ್ತಿ ಇಳಿಯಲು ಮೂರು ಗಂಟೆ. ಮುಂದೆ ಹೋಮರ್ ಸುರಂಗ, 1.2 ಕಿಲೋಮೀಟರ್ ಉದ್ದ. ಆರ್ಥಿಕ ಕುಸಿತದ ಕಾಲದಲ್ಲಿ, 1935ರಲ್ಲಿ, ಕೆಲಸವಿಲ್ಲದವರ ಕೈಗೆ ಗುದ್ದಲಿ ಕೊಟ್ಟು ಕೊರೆಯಲು ಶುರುಮಾಡಿದ್ದು, ವಾಹನಗಳಿಗೆ ತೆರೆದದ್ದು 1954ರಲ್ಲಿ. ಸುರಂಗದ ಬಾಯಲ್ಲಿ ಕಿಯಾ ಎಂಬ ಹಸಿರು ಗಿಳಿಗಳು ಕಾರಿನ ರಬ್ಬರ್ ಕಿತ್ತು ತಿನ್ನಲು ಬರುತ್ತವೆ. ಏನೂ ಹಾಕಬೇಡಿ, ಮನುಷ್ಯರ ತಿಂಡಿ ಅವುಗಳ ಜೀವಕ್ಕೆ ಕೆಟ್ಟದ್ದು.

ಮಿಲ್ಫರ್ಡಿನಲ್ಲಿ ವರ್ಷಕ್ಕೆ ಏಳು ಮೀಟರಿನ ಆಸುಪಾಸು ಮಳೆ, ನಿಮ್ಮ ಆಗುಂಬೆಯ ಲೆಕ್ಕಕ್ಕೆ ಹತ್ತಿರ. ಆದರೆ ಆಗುಂಬೆಗೆ ಮಳೆಗಾಲವೆಂಬುದೊಂದಿದೆ, ಇಲ್ಲಿ ಹನ್ನೆರಡು ತಿಂಗಳೂ ಅದೇ. ಮಳೆ ಬಂದರೆ ದೋಣಿಯ ಟಿಕೆಟ್ ರದ್ದು ಮಾಡಬೇಡ. ಮಳೆ ಬಿದ್ದ ಗಳಿಗೆಯಲ್ಲಿ ಬರಿಬಂಡೆಯ ಗೋಡೆಗಳ ತುಂಬ ನೂರಾರು ಜಲಪಾತ ಹುಟ್ಟುತ್ತವೆ, ನಿಂತ ಮೇಲೆ ಬೇಗನೆ ಮಾಯವಾಗುತ್ತವೆ. ಕಾಡಿನ ಹಳ್ಳಗಳ ವಿಷಯ ಮಾತ್ರ ಬೇರೆ. ತುಂಬಿ ಹರಿಯುವ ಹಳ್ಳ ಎದುರಾದರೆ ದಾಟಲು ಹೋಗದೆ ಹಿಂದಿರುಗಿ. ಟೆ ಅನಾವ್‌ನಲ್ಲಿ ಮೂರು ರಾತ್ರಿ ಇಟ್ಟುಕೋ, ಅದರಲ್ಲಿ ಒಂದು ಮಳೆಗೆಂದೇ.

ಮುಂದೆ ನಾವು ಹೋಗುವುದು ಆವೊರಾಕಿಗೆ, ಮೌಂಟ್ ಕುಕ್ ಎಂದು ನೀನು ಬರೆದಿರುವುದು ಅದನ್ನೇ, 3,724 ಮೀಟರ್. ಎಡ್ಮಂಡ್ ಹಿಲರಿ ಎವರೆಸ್ಟಿಗೆ ಹೋಗುವ ಮೊದಲು ಕೈಕಾಲು ಪಳಗಿಸಿಕೊಂಡ ಬೆಟ್ಟಗಳಿವು. ಹೂಕರ್ ಕಣಿವೆಯ ಸಪಾಟು ನಡಿಗೆ, ಇಲ್ಲವೇ ಸೀಲಿ ಟಾರ್ನ್ಸ್‌ಗೆ 2,200 ಮೆಟ್ಟಿಲು. ನನ್ನ ಮನಸ್ಸು ಎರಡನೆಯದರ ಕಡೆಗಿದೆ. ಹೋಗುವ ಮುನ್ನ ಯಾವ ದಾರಿ ತೆರೆದಿದೆ ಎಂದು ಸಂರಕ್ಷಣಾ ಇಲಾಖೆಯ ಕೇಂದ್ರದಲ್ಲಿ ಕೇಳುವುದು ಇಲ್ಲಿ ಎಲ್ಲ ಕಡೆಯೂ ವಾಡಿಕೆ, ನೀವೂ ಮಾಡಿ. ನಿಮ್ಮ ದಾರಿ, ಹಿಂದಿರುಗುವ ಹೊತ್ತು ಯಾರಿಗಾದರೂ ಹೇಳಿ ಹೊರಡಿ. ಬೆಟ್ಟದಲ್ಲಿ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ, ತುರ್ತು ಬೀಕನ್ ಬಾಡಿಗೆಗೆ ಸಿಗುತ್ತದೆ. ಆಮೇಲೆ ಟೆಕಾಪೊದಲ್ಲಿ ಒಂದು ರಾತ್ರಿ ನಕ್ಷತ್ರ ನೋಡಿ, ಮರುದಿನ ಕ್ರೈಸ್ಟ್‌ಚರ್ಚ್.

ಊಟದ ಚಿಂತೆ ಬೇಡ. ಹಾಲಿಡೇ ಪಾರ್ಕುಗಳಲ್ಲಿ ಎಲ್ಲರಿಗೂ ಸೇರಿದ ದೊಡ್ಡ ಅಡುಗೆಮನೆ ಇರುತ್ತದೆ, ನಾವು ರಾತ್ರಿ ಅಲ್ಲೇ ಅನ್ನ ಸಾರು ಮಾಡಿಕೊಳ್ಳುತ್ತೇವೆ, ಬೆಳಗ್ಗೆ ಚಿತ್ರಾನ್ನ ಕಟ್ಟಿಕೊಂಡು ಹೊರಡುತ್ತೇವೆ. ಸಾರಿನ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿ ಏನೇ ತಂದರೂ ವಿಮಾನದಲ್ಲಿ ಕೊಡುವ ಫಾರ್ಮಿನಲ್ಲೋ ಆನ್‌ಲೈನ್ ಘೋಷಣೆಯಲ್ಲೋ ಬರೆ. ಬರೆದು ತೋರಿಸಿದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟರೆ ಸ್ಥಳದಲ್ಲೇ 400 ಡಾಲರ್ ದಂಡ. ಹಣ್ಣು, ಜೇನು ತರಲೇಬೇಡ. ಬೂಟಿನ ಅಡಿಗೆ ಅಂಟಿದ ಮಲೆನಾಡಿನ ಮಣ್ಣನ್ನು ಮನೆಯಲ್ಲೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಬಾ, ಅದನ್ನೂ ನೋಡುತ್ತಾರೆ.

ಮೊದಲು ವೀಸಾ ಅರ್ಜಿ. ಆಮೇಲೆ ಕಾರಿನ ಜೊತೆಗೆ ಹಡಗಿನ ಟಿಕೆಟ್, ಅದರ ತಾರೀಖು ಗೊತ್ತಾದರೆ ಉಳಿದದ್ದು ಅದರ ಹಿಂದೆ ಮುಂದೆ ಜೋಡಣೆಯಾಗುತ್ತದೆ. ಪಟ್ಟಿಯನ್ನು ತಿದ್ದಿ ಮತ್ತೆ ಕಳಿಸು, ಪ್ರತಿ ದಿನದ ಪಕ್ಕದಲ್ಲಿ ಎಷ್ಟು ಗಂಟೆ ನಡಿಗೆ, ಎಷ್ಟು ಗಂಟೆ ಕಾರು ಎಂದು ಬರೆದಿರಲಿ. ರಜೆ ಮೂರು ವಾರ ಸಿಗುವುದೋ ಇಲ್ಲವೋ ಎಂದು ಈ ವಾರವೇ ಕೇಳಿಬಿಡು. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ,
ಗೀತಾ